ಮನೆಯಲ್ಲೊಬ್ಬರಿಗೆ ಮೂಗಿನ ಅಲರ್ಜಿ ಇದೆಯಾ? ಮೊದಲು ಪೊರಕೆ ನೀವು ಹಿಡಿಯಿರಿ

ಬೆಳಿಗ್ಗೆ ಕಣ್ಣು ಬಿಡುತ್ತಿದ್ದ ಹಾಗೆ ಸಾಲಾಗಿ ಸೀನು. ಆಮೇಲೆ ನೀರಿನಂತೆ ಸೋರುವ ಮೂಗು, ಕೆಂಪು ಕಣ್ಣು, ಅಂಗುಳಿನಲ್ಲಿ ನಾಲಿಗೆಯಿಂದ ಉಜ್ಜಿಕೊಂಡರೂ ಹೋಗದ ಕೆರೆತ. ಹತ್ತು ಗಂಟೆಯ ಹೊತ್ತಿಗೆ ಸ್ವಲ್ಪ ತಗ್ಗುತ್ತದೆ, ಮನೆಯವರು "ಸರಿಹೋಯ್ತಲ್ಲ ಈಗ" ಎಂದು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಮರುದಿನ ಮತ್ತೆ ಅದೇ ಕಥೆ. ನಿಮ್ಮ ಮನೆಯಲ್ಲೂ ಹೀಗೆ ಒಬ್ಬರಿದ್ದರೆ ಇದನ್ನು ಓದಿ. ಸೀನುವವರಿಗಾಗಿ ಬರೆದದ್ದಲ್ಲ ಇದು, ಅವರ ಜೊತೆ ಬದುಕುವವರಿಗಾಗಿ ಬರೆದದ್ದು.

ನಮ್ಮ ಮನೆಯಲ್ಲಿ ಅಲರ್ಜಿ ಇರುವುದು ನನ್ನ ಹೆಂಡತಿಗೆ. ಇಷ್ಟು ವರ್ಷ ಜೊತೆಗಿದ್ದು ನೋಡಿದ ಮೇಲೆ ನನಗೆ ಖಾತ್ರಿಯಾಗಿರುವ ವಿಷಯ ಒಂದು. ಮಾತ್ರೆ, ಸ್ಪ್ರೇ ಡಾಕ್ಟರ್ ಬರೆದುಕೊಡುತ್ತಾರೆ. ಆದರೆ ಧೂಳು, ಹೊಗೆ, ಹಾಸಿಗೆ, ಯಾರು ಯಾವ ಕೆಲಸ ಮಾಡಬೇಕು ಅನ್ನೋದು, ಇವೆಲ್ಲ ಮನೆಯವರ ಕೈಯಲ್ಲಿರುತ್ತವೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಲರ್ಜಿ ಇರುವ ಹೆಂಗಸೇ ದಿನಾ ಕಸ ಗುಡಿಸಬೇಕು, ಅವಳೇ ಹಾಸಿಗೆ ಕೊಡವಬೇಕು, ಹಬ್ಬ ಬಂತು ಅಂದರೆ ಅವಳೇ ಅಟ್ಟ ಹತ್ತಿ ಹಳೇ ಪಾತ್ರೆ ಇಳಿಸಬೇಕು. ಸಂಜೆ ಅವಳು ಮೂಗು ಕಟ್ಟಿಕೊಂಡು ಕೂತಾಗ ಒಂದು ಮಾತ್ರೆ ಕೊಟ್ಟರೆ ಅದು ಸಹಾಯ ಅಲ್ಲ. ಬೆಳಿಗ್ಗೆ ಪೊರಕೆ ತೆಗೆದುಕೊಂಡಿದ್ದರೆ ಅದು ಸಹಾಯ.

ಮೊದಲು ನಂಬಿ

ಇದು ನೆಗಡಿ ಅಲ್ಲ. ನೆಗಡಿ ವೈರಸ್‌ನಿಂದ ಬರುತ್ತದೆ, ಜೊತೆಗೆ ಮೈಕೈ ನೋವು, ಒಮ್ಮೊಮ್ಮೆ ಜ್ವರ ಇರುತ್ತದೆ, ವಾರ ಹತ್ತು ದಿನದಲ್ಲಿ ಹೋಗುತ್ತದೆ. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ, ಕೆರೆತ ಇರುತ್ತದೆ, ಮೂಗು, ಕಣ್ಣು, ಗಂಟಲು, ಕಿವಿಯ ಒಳಗೂ ಕೂಡ. ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುತ್ತದೆ. ದೇಹ ಧೂಳಿನ ಒಂದು ಕಣವನ್ನೋ ಹೂವಿನ ಪರಾಗವನ್ನೋ ಶತ್ರು ಅಂದುಕೊಂಡು ಅದಕ್ಕೆ ಐಜಿಇ ಅನ್ನುವ ಪ್ರತಿಕಾಯ ತಯಾರಿಸಿ ಇಟ್ಟುಕೊಂಡಿರುತ್ತದೆ. ಮುಂದಿನ ಸಲ ಅದೇ ಕಣ ಮೂಗಿಗೆ ಬಂದರೆ ಕೆಲವೇ ನಿಮಿಷದಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ ಸೀನು, ಸೋರಿಕೆ, ಕೆರೆತ ಎಲ್ಲ ಒಟ್ಟಿಗೆ ಶುರು. ಮನಸ್ಸು ಗಟ್ಟಿ ಮಾಡಿಕೊಂಡರೆ ನಿಲ್ಲುವಂಥದ್ದಲ್ಲ ಇದು.

ಸೀನಿಗಿಂತ ಜಾಸ್ತಿ ಹಿಂಸೆ ಕೊಡುವುದು ರಾತ್ರಿ ಕಟ್ಟುವ ಮೂಗು. ಬಾಯಲ್ಲಿ ಉಸಿರಾಡುತ್ತಾ ಮಲಗಿದವರಿಗೆ ಬೆಳಿಗ್ಗೆ ಗಂಟಲು ಒಣಗಿರುತ್ತದೆ, ತಲೆ ಭಾರ, ನಿದ್ದೆ ಆಗಿರುವುದೇ ಇಲ್ಲ. ಮಧ್ಯಾಹ್ನ ಅವರು ಸಿಡುಕಿದರೆ, ಮಗು ಓದುವಾಗ ತೂಕಡಿಸಿದರೆ, ಅದನ್ನು ಸೋಮಾರಿತನ ಅನ್ನುವ ಮೊದಲು ರಾತ್ರಿ ಹೇಗೆ ಮಲಗಿದ್ದರು ಅಂತ ಒಂದು ಸಲ ಕೇಳಿ. ಮಕ್ಕಳು ತಮಗೆ ಹೀಗಾಗುತ್ತಿದೆ ಅಂತ ಹೇಳುವುದಿಲ್ಲ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತಾ ಇರುವುದು, ಆ ಅಭ್ಯಾಸದಿಂದ ಮೂಗಿನ ಮೇಲೆ ಅಡ್ಡಗೆರೆ ಮೂಡಿರುವುದು, ಕಣ್ಣಿನ ಕೆಳಗೆ ಕಪ್ಪು, ಯಾವಾಗಲೂ ತೆರೆದ ಬಾಯಿ, ಇವು ಕಂಡರೆ ಬೈಯಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು ಮಾತು ಹೇಳಲೇಬೇಕು. ಯಾರೋ ಹೊರಡುವಾಗ ಸೀನಿದರೆ ಅಪಶಕುನ ಅಂತ ನಮ್ಮಲ್ಲಿ ಈಗಲೂ ಇದೆ. ದಿನಾ ಸೀನುವವರಿಗೆ ಇದು ಎಷ್ಟು ಚುಚ್ಚುತ್ತದೆ ಗೊತ್ತಾ? ಹೆಣ್ಣು ನೋಡುವುದಕ್ಕೆ ಹೊರಟವರ ಎದುರು, ಪರೀಕ್ಷೆಗೆ ಹೊರಟ ಮಗನ ಎದುರು ಸೀನು ಬಂದರೆ ಅಂತ ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡುತ್ತಾರೆ. ನಿಮ್ಮ ಮನೆಯಲ್ಲಿ ಈ ಮಾತು ಬಂದರೆ ಅಲ್ಲೇ ನಿಲ್ಲಿಸಿ. "ಅವಳಿಗೆ ಅಲರ್ಜಿ, ಶಕುನ ಏನಿಲ್ಲ, ನೀವು ಹೊರಡಿ" ಅಂದರೆ ಸಾಕು. ಅಷ್ಟು ಹೇಳುವವರು ಮನೆಯಲ್ಲಿ ಒಬ್ಬರಿದ್ದರೂ ಬಹಳ ಧೈರ್ಯ.

ಯಾವುದರಿಂದ ಅಂತ ಹಿಡಿಯಿರಿ

ಇದಕ್ಕೆ ಜೊತೆಗಿರುವವರ ಕಣ್ಣು ಬೇಕು, ಯಾಕೆಂದರೆ ಸೀನುವವರಿಗೆ ಸೀನುವುದರಲ್ಲೇ ಸಾಕಾಗಿರುತ್ತದೆ. ಮೊಬೈಲ್‌ನಲ್ಲಿ ಸುಮ್ನೆ ಬರೆದಿಟ್ಟುಕೊಳ್ಳಿ: ಯಾವಾಗ ಶುರುವಾಯಿತು, ಎಲ್ಲಿದ್ದರು, ಮನೆಯಲ್ಲಿ ಆಗ ಏನು ನಡೆಯುತ್ತಿತ್ತು. ಎರಡು ಮೂರು ವಾರದಲ್ಲಿ ಒಂದು ಲೆಕ್ಕ ಸಿಗುತ್ತದೆ. ಎದ್ದ ಕೂಡಲೇ ಜಾಸ್ತಿ, ಆಫೀಸಿಗೆ ಹೋದರೆ ಕಡಿಮೆ ಅಂದರೆ ಹಾಸಿಗೆಯ ಮೇಲೆ ಅನುಮಾನ. ವಾಕಿಂಗ್ ಹೋಗಿ ಬಂದ ಮೇಲೆ ಅಂದರೆ ಪರಾಗ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅಂದರೆ ಗೋಡೆಯ ಬೂಷ್ಟು, ಒಣಗದ ಬಟ್ಟೆ. ಉತ್ತರ ಕರ್ನಾಟಕದಲ್ಲಿ ಜೋಳದ ರಾಶಿ ಮಾಡುವ ದಿನಗಳಲ್ಲಿ ಏಳುವ ಸುಂಕು, ಹೊಟ್ಟು ಬೇರೆ.

ನಮ್ಮ ಊರುಗಳ ಖಾಲಿ ಸೈಟು, ರಸ್ತೆ ಬದಿಯಲ್ಲೆಲ್ಲ ಬೆಳೆಯುವ ಕಾಂಗ್ರೆಸ್ ಗಿಡದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪಾರ್ಥೇನಿಯಂ ಅಂತಲೂ ಕರೆಯುತ್ತಾರೆ. 1950ರ ದಶಕದಲ್ಲಿ ಪುಣೆಯ ಹತ್ತಿರ ಕಣ್ಣಿಗೆ ಬಿದ್ದ ಈ ಅಮೆರಿಕ ಖಂಡದ ಕಳೆ ಇವತ್ತು ದೇಶದ ತುಂಬಾ ಇದೆ. ಮುಟ್ಟಿದರೆ ಚರ್ಮಕ್ಕೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಅದರ ಪರಾಗದಿಂದ ಮೂಗಿನ ಅಲರ್ಜಿಯೂ ಬರುತ್ತದೆ ಅನ್ನುವುದನ್ನು ಬೆಂಗಳೂರಿನಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಇದನ್ನು ತಿನ್ನಲಿ ಅಂತ ಮೆಕ್ಸಿಕೋದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಅದು ತಿನ್ನುತ್ತದೆ ಕೂಡ, ಆದರೆ ಗಿಡ ಇನ್ನೂ ಇದೆ. ನಿಮ್ಮ ಮನೆಯ ಪಕ್ಕದ ಸೈಟಿನಲ್ಲಿದ್ದರೆ ಬಿಳಿ ಹೂ ಬಿಡುವ ಮೊದಲೇ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕಿತ್ತುಬಿಡಿ. ಕೈಗವಸು, ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡು. ಅಲರ್ಜಿ ಇರುವವರು ಅಂದು ಆ ಕಡೆ ಬರುವುದೇ ಬೇಡ. ಅಮೆರಿಕದಲ್ಲಿ ಇರುವ ನಮ್ಮವರಿಗೆ ಒಂದು ವಿಷಯ: ಅಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೂ ಬಿಡುವ ರ‍್ಯಾಗ್‌ವೀಡ್ ಇದರದೇ ಬಳಗದ ಗಿಡ, ಒಂದಕ್ಕೆ ಆಗದವರಿಗೆ ಇನ್ನೊಂದಕ್ಕೂ ಆಗದೇ ಇರಬಹುದು. ಇಲ್ಲಿ ಕಾಂಗ್ರೆಸ್ ಗಿಡದಿಂದ ಕಷ್ಟಪಟ್ಟವರು ಅಲ್ಲಿನ ಡಾಕ್ಟರಿಗೆ ಅದನ್ನು ಹೇಳಲಿ.

ಒಗ್ಗರಣೆ ಘಾಟು, ಮೆಣಸಿನಕಾಯಿ ಹುರಿಯುವ ವಾಸನೆ, ಸೆಂಟು, ಊದುಬತ್ತಿ ಹೊಗೆ ಇವು ಬೇರೆ ಲೆಕ್ಕ. ಇವು ಅಲರ್ಜಿ ಹುಟ್ಟಿಸುವುದಕ್ಕಿಂತ ಮೊದಲೇ ಊದಿಕೊಂಡಿರುವ ಮೂಗನ್ನು ಕೆಣಕುತ್ತವೆ. ಅನುಭವಿಸುವವರಿಗೆ ಎರಡೂ ಒಂದೇ.

ಮಲಗುವ ಕೋಣೆ

ಮನೆಯೆಲ್ಲ ಒಂದೇ ದಿನ ಸರಿಮಾಡೋಕೆ ಹೋಗಬೇಡಿ. ಮಲಗುವ ಕೋಣೆಯಿಂದ ಶುರು ಮಾಡಿ, ಏಳೆಂಟು ಗಂಟೆ ಮೂಗು ಇರುವುದು ಅಲ್ಲೇ ಅಲ್ವಾ.

ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ, ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲದಷ್ಟು ಚಿಕ್ಕವು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಊಟ. ಅವು ಕಚ್ಚುವುದಿಲ್ಲ, ಅವುಗಳ ಹಿಕ್ಕೆಯ ಪುಡಿ ಮೂಗಿಗೆ ಹೋಗಿ ಅಲರ್ಜಿ ಆಗುತ್ತದೆ. ಹಾಸಿಗೆ, ದಿಂಬು, ಕಂಬಳಿ, ಮಕ್ಕಳ ಬೊಂಬೆ ಇವೆಲ್ಲ ಅವುಗಳ ಮನೆ. ತೇವ ಇದ್ದರೆ ಚೆನ್ನಾಗಿ ಬೆಳೆಯುತ್ತವೆ.

ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಬಿಸಿ ಅಂದರೆ ಉಗುರುಬೆಚ್ಚಗಲ್ಲ, 60 ಡಿಗ್ರಿ ಸುತ್ತಮುತ್ತ, ಕೈ ಇಡಲಾಗದಷ್ಟು. ವಾಷಿಂಗ್ ಮೆಷಿನ್‌ನಲ್ಲಿ ಆ ಸೆಟ್ಟಿಂಗ್ ಇರುತ್ತದೆ. ಇಲ್ಲದಿದ್ದರೆ ಬಕೆಟ್‌ನಲ್ಲಿ ಕುದಿಯುವ ನೀರು ಬೆರೆಸಿ ಅರ್ಧ ಗಂಟೆ ನೆನೆಸಿಡಿ, ಆಮೇಲೆ ಒಗೆಯಿರಿ. ಮಕ್ಕಳು ಓಡಾಡದ ಜಾಗದಲ್ಲಿ. ಹಾಸಿಗೆ, ದಿಂಬಿಗೆ ಜಿಪ್ ಇರುವ ನುಸಿ ತಡೆಯುವ ಕವರ್ ಸಿಗುತ್ತದೆ, ದುಡ್ಡಿದ್ದರೆ ಮೊದಲು ದಿಂಬಿಗೆ ಹಾಕಿಸಿ. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಳೇ ಪದ್ಧತಿ ಒಳ್ಳೆಯದೇ, ಬಿಸಿಲಿಗೆ ತೇವ ಆರಿ ನುಸಿ ಸಾಯುತ್ತವೆ. ಆದರೆ ಹಿಕ್ಕೆ ಅಲ್ಲೇ ಉಳಿದಿರುತ್ತದೆ. ಅದಕ್ಕೇ ಒಳಗೆ ತರುವ ಮೊದಲು ತಾರಸಿಯ ಮೇಲೇ ಚೆನ್ನಾಗಿ ಬಡಿದು ಕೊಡವಿ. ಬಡಿಯುವವರು ನೀವು, ಅವರಲ್ಲ.

ಮಂಚದ ಕೆಳಗೆ ತುರುಕಿದ ಸೂಟ್‌ಕೇಸು, ಹಳೇ ಪೇಪರು, ಬೀರು ಮೇಲಿನ ರಟ್ಟಿನ ಡಬ್ಬ ಇವೆಲ್ಲ ಆ ಕೋಣೆಯಿಂದ ಹೊರಗೆ ಹೋಗಲಿ. ನೆಲಕ್ಕೆ ಕಾರ್ಪೆಟ್ ಬೇಡ. ದಪ್ಪ ಪರದೆ ಬದಲು ಒಗೆಯಲು ಸುಲಭವಾದ ತೆಳು ಬಟ್ಟೆ ಹಾಕಿ.

ಫ್ಯಾನ್ ಒರೆಸುವುದಕ್ಕೆ ಒಂದು ಒಳ್ಳೇ ಉಪಾಯ ಇದೆ. ಹಳೇ ದಿಂಬಿನ ಕವರ್ ಒಳಭಾಗವನ್ನು ಸ್ವಲ್ಪ ಒದ್ದೆ ಮಾಡಿ, ಫ್ಯಾನಿನ ರೆಕ್ಕೆಗೆ ಪೂರ್ತಿ ತೊಡಿಸಿ, ಮೇಲಿಂದ ಕೆಳಗಿಂದ ಒತ್ತಿ ಹಿಡಿದು ನಿಧಾನ ಹೊರಗೆ ಎಳೆಯಿರಿ. ಕಪ್ಪು ಧೂಳೆಲ್ಲ ಕವರ್ ಒಳಗೇ ಬೀಳುತ್ತದೆ, ಹಾಸಿಗೆಯ ಮೇಲೆ ಒಂದು ಎಳೆಯೂ ಉದುರುವುದಿಲ್ಲ. ಮೂರು ರೆಕ್ಕೆ ಮುಗಿಸಿ ಕವರನ್ನು ಹಾಗೇ ಮಡಚಿ ಹೊರಗೆ ಒಯ್ದು ಕೊಡವಿ. ಒಣ ಬಟ್ಟೆಯಲ್ಲಿ ಉಜ್ಜಿ ಧೂಳನ್ನೆಲ್ಲ ಕೋಣೆಗೆ ಹರಡುವುದಕ್ಕಿಂತ ಇದು ಎಷ್ಟೋ ವಾಸಿ. ಏಸಿ ಇದ್ದರೆ ಅದರ ಜಾಲರಿಯನ್ನೂ ತೆಗೆದು ತೊಳೆಯಿರಿ.

ಪೊರಕೆ, ಹೊಗೆ, ಹಬ್ಬ

ಗುಡಿಸುವಾಗ ಎದ್ದ ಧೂಳು ಕೂಡಲೇ ಕೂರುವುದಿಲ್ಲ, ಅರ್ಧ ಗಂಟೆ ಬೇಕು. ಹಾಗಾಗಿ ಅಲರ್ಜಿ ಇರುವವರು ಸ್ನಾನಕ್ಕೆ ಹೋದಾಗಲೋ, ಹೊರಗೆ ಹೋದಾಗಲೋ ಗುಡಿಸಿ, ಕಿಟಕಿ ತೆರೆದಿಡಿ. ಹೊಸ ಹುಲ್ಲಿನ ಪೊರಕೆ ತಂದರೆ ಮೊದಲ ಕೆಲವು ವಾರ ಅದೇ ಪುಡಿ ಉದುರಿಸುತ್ತಾ ಇರುತ್ತದೆ. ತಂದ ದಿನವೇ ಹೊರಗೆ ಗೋಡೆಗೆ ಬಡಿದು, ನೀರಿನಲ್ಲಿ ಅದ್ದಿ, ಒಣಗಿಸಿ ಆಮೇಲೆ ಒಳಗೆ ತನ್ನಿ. ಮೇಜು, ಟಿವಿ, ಪುಸ್ತಕದ ಕಪಾಟು ಒದ್ದೆ ಬಟ್ಟೆಯಲ್ಲೇ ಒರೆಸಿ. ಅವರೇ ಮಾಡಲೇಬೇಕಾದ ದಿನ ಬಂದರೆ ಎನ್95 ಮಾಸ್ಕ್, ಆಮೇಲೆ ಮುಖ ತೊಳೆದುಕೊಳ್ಳಲಿ.

ನಾನು ಪೊರಕೆ ಹಿಡಿದಾಗ ನಮ್ಮಮ್ಮ, "ಅಯ್ಯೋ ಬಿಡೋ, ನಾನು ಗುಡಿಸ್ತೀನಿ, ನೋಡಿದವರು ಏನಂದ್ಕೋತಾರೆ" ಅಂದರು. "ಅಂದ್ಕೊಳ್ಳಲಿ ಬಿಡಮ್ಮ, ಅವಳು ಗುಡಿಸಿದ್ರೆ ಇಡೀ ದಿನ ಒದ್ದಾಡ್ತಾಳೆ, ನಂಗೇನೂ ಆಗಲ್ಲ" ಅಂದೆ. ಒಂದು ವಾರ ಕಸಿವಿಸಿ ಇತ್ತು, ಆಮೇಲೆ ಅಭ್ಯಾಸವಾಯಿತು. ಇಂಥ ಮಾತನ್ನು ಮನೆಯ ಹಿರಿಯರಿಗೆ ಅವರ ಮಗನೋ ಮಗಳೋ ಹೇಳಬೇಕು. ಸೊಸೆ ಹೇಳಿದರೆ ಅದು ಕೆಲಸ ತಪ್ಪಿಸಿಕೊಳ್ಳುವ ನೆಪದ ಹಾಗೆ ಕೇಳಿಸುತ್ತದೆ. ಅಳಿಯನಿಗೆ ಅಲರ್ಜಿ ಅಂದರೆ ಹೆಂಡತಿಯ ತವರಿನಲ್ಲಿ ಮಗಳು ಹೇಳಲಿ.

ದೇವರ ಮನೆಯ ವಿಷಯ ಸೂಕ್ಷ್ಮ. ಊದುಬತ್ತಿ, ಧೂಪ, ಸಾಂಬ್ರಾಣಿ ಹೊಗೆ ಬೇಡ ಅಂದರೆ ಹಿರಿಯರಿಗೆ ಬೇಸರವಾಗುತ್ತದೆ, ಅವರ ಬೇಸರವೂ ನಿಜವೇ. ನಮ್ಮಲ್ಲಿ ಆದ ಒಪ್ಪಂದ ಹೀಗೆ: ದಿನಾ ಎಣ್ಣೆ ದೀಪ, ಹೂವು. ಊದುಬತ್ತಿ ಹಬ್ಬದ ದಿನ ಮಾತ್ರ, ಅದೂ ಅಂಗಳದ ತುಳಸಿ ಕಟ್ಟೆಯ ಮುಂದೆ. ಅತ್ತೆ ಸೊಸೆ ಇಬ್ಬರಿಗೂ ಒಪ್ಪಿಗೆಯಾಗಿದೆ. ಸೊಳ್ಳೆ ಬತ್ತಿ ಪೂರ್ತಿ ಬಿಡಿ, ಸೊಳ್ಳೆ ಪರದೆ ಕಟ್ಟಿ, ಅದನ್ನೂ ಆಗಾಗ ಒಗೆಯಿರಿ. ಜಿರಲೆಯೂ ಅಲರ್ಜಿಗೆ ಕಾರಣ. ಸ್ಪ್ರೇ ಹೊಡೆದರೆ ಆ ವಾಸನೆ ಇನ್ನೊಂದು ಕಷ್ಟ, ಮೂಲೆಗಳಲ್ಲಿ ಜೆಲ್ ಹಾಕಿ. ಮನೆಯೊಳಗೆ ಸಿಗರೇಟು ಸೇದುವವರಿದ್ದರೆ ಅವರಿಗೆ ಬಾಗಿಲ ಹೊರಗಿನ ಜಾಗ, ಇದರಲ್ಲಿ ಮಾತುಕತೆ ಇಲ್ಲ.

ಯುಗಾದಿ, ಗೌರಿ ಹಬ್ಬ, ದಸರಾ ಮುಂಚಿನ ಸ್ವಚ್ಛತೆ ಇದೆಯಲ್ಲ, ವರ್ಷದ ಧೂಳೆಲ್ಲ ಎರಡೇ ದಿನದಲ್ಲಿ ಏಳುವುದು ಆಗಲೇ. ಜೇಡರ ಬಲೆ ತೆಗೆಯುವುದು, ಅಟ್ಟ ಇಳಿಸುವುದು, ದಸರಾ ಬೊಂಬೆಗಳ ಪೆಟ್ಟಿಗೆ ಬಿಚ್ಚುವುದು. ಆ ಎರಡು ದಿನ ಅವರನ್ನು ತವರಿಗೋ ಸ್ನೇಹಿತರ ಮನೆಗೋ ಕಳಿಸಿ, ಬೊಂಬೆ ಒರೆಸಿ ಸ್ವಚ್ಛವಾದ ಮೇಲೆ ಜೋಡಿಸುವುದಕ್ಕೆ ಕರೆಯಿರಿ. ಖುಷಿಯ ಕೆಲಸ ಅವರಿಗೂ ಇರಬೇಕು. ಸುಣ್ಣ ಬಣ್ಣ ಹೊಡೆಸುವುದಾದರೂ ಹಾಗೇ, ವಾಸನೆ ಹೋಗುವ ತನಕ ಆ ಕೋಣೆಯಲ್ಲಿ ಮಲಗಿಸಬೇಡಿ.

ಬೆಕ್ಕು, ನಾಯಿ ಇರುವ ಮನೆಯಲ್ಲಿ ಸುಮ್ನೆ ಊಹೆಯ ಮೇಲೆ ಪ್ರಾಣಿಯನ್ನು ಕಳಿಸಬೇಡಿ. ಮೊದಲು ಟೆಸ್ಟ್ ಆಗಲಿ. ಅದೇ ಕಾರಣ ಅಂತ ಗೊತ್ತಾದರೂ ಅದು ಮಲಗುವ ಕೋಣೆಗೆ ಬರದ ಹಾಗೆ ನೋಡಿಕೊಳ್ಳುವುದು ಮೊದಲ ಹೆಜ್ಜೆ.

ಔಷಧಿಯ ಮಾತು

ಡೋಸ್ ಹೇಳಬೇಕಾದವರು ಡಾಕ್ಟರ್. ಆದರೆ ಮನೆಯವರಿಗೆ ತಿಳಿದಿರಬೇಕಾದ ಕೆಲವು ವಿಷಯ ಇವೆ, ಇಲ್ಲದಿದ್ದರೆ ನಾವೇ ಅಡ್ಡಗಾಲು ಹಾಕುತ್ತೇವೆ.

ಮೂಗಿನ ಸ್ಟೀರಾಯ್ಡ್ ಸ್ಪ್ರೇ ಅಂದ ಕೂಡಲೇ ಹೆದರಿ "ಬೇಡ, ಅಭ್ಯಾಸ ಆಗಿಬಿಡುತ್ತೆ" ಅನ್ನುವವರು ಬಹಳ. ಫ್ಲುಟಿಕಾಸೋನ್, ಮೊಮೆಟಾಸೋನ್ ತರಹದ ಸ್ಪ್ರೇಗಳಲ್ಲಿ ಔಷಧಿ ಬಹಳ ಕಡಿಮೆ ಪ್ರಮಾಣದಲ್ಲಿರುತ್ತದೆ, ರಕ್ತಕ್ಕೆ ಸೇರುವುದು ತೀರಾ ಅಲ್ಪ, ಚಟ ಹಿಡಿಯುವುದಿಲ್ಲ. ದಿನಾ ಕಾಡುವ ಅಲರ್ಜಿಗೆ, ಅದರಲ್ಲೂ ಮೂಗು ಕಟ್ಟುವುದಕ್ಕೆ, ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ಕಡಿಮೆ. ಆದರೆ ಒಂದೇ ದಿನದಲ್ಲಿ ಪೂರ್ತಿ ಗುಣ ಕಾಣುವುದಿಲ್ಲ, ಎರಡು ವಾರ ಬಿಡದೆ ಹಾಕಬೇಕು. ಮೂರನೇ ದಿನ "ಏನೂ ಪ್ರಯೋಜನ ಇಲ್ಲ" ಅಂತ ಬಿಸಾಡುವ ಹೊತ್ತಿಗೆ ಪಕ್ಕದಲ್ಲಿ ನೀವಿದ್ದು "ಇನ್ನು ಹತ್ತು ದಿನ ನೋಡೋಣ" ಅನ್ನಬೇಕು.

ಹಾಕುವ ರೀತಿ ನೋಡಿಕೊಳ್ಳಿ, ಹೆಚ್ಚಿನವರು ತಲೆ ಹಿಂದಕ್ಕೆ ಎತ್ತಿ ಹಾಕುತ್ತಾರೆ, ಔಷಧಿ ಗಂಟಲಿಗೆ ಇಳಿದು ಹೋಗುತ್ತದೆ. ಮೊದಲು ಮೂಗು ಸೀದಿಕೊಳ್ಳಬೇಕು. ಬಾಟಲಿ ಅಲ್ಲಾಡಿಸಬೇಕು. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ತುದಿ ಮೂಗಿನ ನಡುವಿನ ಗೋಡೆಯ ಕಡೆಗಲ್ಲ, ಅದೇ ಪಕ್ಕದ ಕಿವಿಯ ಕಡೆಗೆ ತಿರುಗಿರಬೇಕು. ಒತ್ತುವಾಗ ಮೆಲ್ಲಗೆ ಉಸಿರು ತೆಗೆದುಕೊಳ್ಳಬೇಕು, ಜೋರಾಗಿ ಎಳೆದುಕೊಳ್ಳಬಾರದು. ನಡುಗೋಡೆಗೆ ದಿನಾ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ.

ಮೂಗು ಕಟ್ಟಿದ ಕೂಡಲೇ ಬಿಡಿಸುವ ಹನಿಗಳೇ ಬೇರೆ, ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವವು. ಐದು ನಿಮಿಷದಲ್ಲಿ ಉಸಿರು ಸಲೀಸಾಗುತ್ತದೆ, ಅದಕ್ಕೇ ಜನಕ್ಕೆ ಇಷ್ಟ. ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಅದಿಲ್ಲದೆ ಬಿಡುವುದೇ ಇಲ್ಲ ಅನ್ನುವ ಸ್ಥಿತಿಗೆ ಬರುತ್ತದೆ. ದಿಂಬಿನ ಕೆಳಗೆ ಆ ಬಾಟಲಿ ಯಾವಾಗಲೂ ಇದೆ ಅಂತ ಕಂಡರೆ ಡಾಕ್ಟರ್ ಹತ್ತಿರ ಬಿಡಿಸುವ ದಾರಿ ಕೇಳಿ.

ಮಾತ್ರೆಗಳಲ್ಲಿ ಹಳೇ ಕಾಲದವು, ಫೆನಿರಾಮಿನ್, ಕ್ಲೋರ್‌ಫೆನಿರಾಮಿನ್ ಥರದವು, ನಿದ್ದೆ ಬರಿಸುತ್ತವೆ. ಸಿಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಲೊರಾಟಡಿನ್, ಫೆಕ್ಸೊಫೆನಡಿನ್‌ನಲ್ಲಿ ಅದು ಕಡಿಮೆ. ತೂಕಡಿಕೆ ಬರುವ ಮಾತ್ರೆ ತಗೊಂಡ ದಿನ ಸ್ಕೂಟರ್ ಕೀ ನಿಮ್ಮ ಹತ್ತಿರ ಇರಲಿ. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಬೇಕು, ಕಿತ್ತಳೆ, ಸೇಬಿನ ರಸದ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ನಮ್ಮಲ್ಲಿ ಬಹಳ ಜನಕ್ಕೆ ಬರೆದುಕೊಡುತ್ತಾರೆ. ಎಷ್ಟೋ ಮಂದಿಗೆ ಯಾವ ತೊಂದರೆಯೂ ಆಗುವುದಿಲ್ಲ. ಆದರೆ ಕೆಲವರಲ್ಲಿ ಕೆಟ್ಟ ಕನಸು, ಸಿಟ್ಟು, ಖಿನ್ನತೆ, ಸಾಯುವ ಯೋಚನೆ ಕೂಡ ಬರಬಹುದು ಅಂತ ಅಮೆರಿಕದ ಔಷಧ ಇಲಾಖೆ 2020ರಲ್ಲಿ ತನ್ನ ಅತ್ಯಂತ ಗಂಭೀರ ಮಟ್ಟದ ಎಚ್ಚರಿಕೆ ಹಾಕಿಸಿತು. ಇದನ್ನು ಮೊದಲು ಗಮನಿಸುವವರು ಮನೆಯವರೇ. ಮಾತ್ರೆ ಶುರುವಾದ ಮೇಲೆ ಮಗು ರಾತ್ರಿ ಕಿರುಚಿ ಏಳುತ್ತಿದೆ, ದೊಡ್ಡವರು ಮಂಕಾಗಿದ್ದಾರೆ ಅನ್ನಿಸಿದರೆ ತಡಮಾಡದೆ ಡಾಕ್ಟರಿಗೆ ಹೇಳಿ.

"ಒಂದು ಇಂಜೆಕ್ಷನ್ ಹಾಕಿಸಿಕೊಂಡ್ರೆ ವರ್ಷಪೂರ್ತಿ ಆರಾಮ" ಅನ್ನುವವರ ಕಡೆ ಹೋಗಬೇಡಿ, ಅಂಥ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಮೂಳೆ, ಸಕ್ಕರೆ ಎಲ್ಲ ಕೆಡಬಹುದು. ಹೆಸರಿಲ್ಲದ ಪೊಟ್ಟಣದ ಪುಡಿಗಳೂ ಬೇಡ. ಬಸುರಿಯರು, ಎದೆಹಾಲು ಕೊಡುವವರು, ಬಿಪಿ ಇರುವವರು ಅಂಗಡಿಯಿಂದ ತಾವೇ ಮಾತ್ರೆ ತರಿಸಿ ನುಂಗದ ಹಾಗೆ ನೋಡಿಕೊಳ್ಳಿ.

ಉಪ್ಪುನೀರು ಮತ್ತು ಅಜ್ಜಿ ಮದ್ದು

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ನಮ್ಮ ಜಲನೇತಿ, ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಒಳಗೆ ಕೂತ ಧೂಳು, ಪರಾಗ ತೊಳೆದುಹೋಗುತ್ತದೆ. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು, ಕನಿಷ್ಠ ಒಂದು ನಿಮಿಷ ಕೊತಕೊತ ಕುದಿದಿರಬೇಕು. ಫಿಲ್ಟರ್ ನೀರು, ಬೋರ್‌ವೆಲ್ ನೀರು ಹಾಗೇ ಹಾಕಬಾರದು. ಕೇರಳದಲ್ಲಿ 2024ರಲ್ಲಿ ಮಕ್ಕಳನ್ನು ಬಲಿ ತೆಗೆದುಕೊಂಡ ಮೆದುಳಿನ ಅಮೀಬಾ ಸೋಂಕು ದೇಹಕ್ಕೆ ಸೇರುವುದು ಮೂಗಿನ ಮೂಲಕವೇ. 240 ಎಂಎಲ್ ಲೋಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ, ಒಂದು ಚಿಟಿಕೆ ಅಡುಗೆ ಸೋಡಾ. ರಾತ್ರಿ ನೀವು ನೀರು ಕುದಿಸಿ ಮುಚ್ಚಿಟ್ಟರೆ ಬೆಳಿಗ್ಗೆ ಅವರಿಗೆ ಸಿದ್ಧವಿರುತ್ತದೆ. ಸ್ಪ್ರೇ ಹಾಕುವುದಾದರೆ ತೊಳೆದ ಮೇಲೆ.

ಮೆಣಸಿನ ಕಷಾಯ, ಅರಿಶಿನದ ಹಾಲು, ಬಿಸಿ ಸಾರು ಗಂಟಲಿಗೆ ಹಿತ, ಕೊಡಿ. ಅಲರ್ಜಿ ಅದರಿಂದ ಹೋಗುವುದಿಲ್ಲ ಅಷ್ಟೆ. ಹಬೆ ತಗೊಂಡರೆ ಸ್ವಲ್ಪ ಹೊತ್ತು ಮೂಗು ಬಿಡುತ್ತದೆ, ಮಕ್ಕಳಿಗೆ ಕುದಿಯುವ ಪಾತ್ರೆ ಮುಂದಿಟ್ಟು ಕೂರಿಸಬೇಡಿ, ಸುಟ್ಟುಕೊಳ್ಳುತ್ತಾರೆ. ಮೊಸರು, ಬಾಳೆಹಣ್ಣು ನಿಲ್ಲಿಸುವುದರಿಂದ ಧೂಳಿನ ಅಲರ್ಜಿ ಕಡಿಮೆಯಾಗುವುದಿಲ್ಲ. ತಿಂದಾಗ ನಿಜವಾಗಿಯೂ ತೊಂದರೆ ಆಗುತ್ತಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಪಾಪ, ಊಟದ ಕೊನೆಯ ಮೊಸರನ್ನ ಕಿತ್ತುಕೊಳ್ಳಬೇಡಿ. ತಲೆಗೆ ಸ್ನಾನ ಮಾಡಿದ್ದಕ್ಕೇ ಹೀಗಾಯಿತು ಅನ್ನುವುದೂ ಅಷ್ಟೆ. ಹೊರಗೆ ಸುತ್ತಾಡಿ ಬಂದ ದಿನ ಮಲಗುವ ಮೊದಲು ತಲೆ ತೊಳೆದು ಒಣಗಿಸಿಕೊಂಡರೆ ಕೂದಲಲ್ಲಿ ಕೂತ ಧೂಳು, ಪರಾಗ ದಿಂಬಿಗೆ ಸೇರುವುದಿಲ್ಲ.

ಹೊರಗೆ ಹೋದಾಗ

ಮದುವೆ ಮನೆಗೆ ಹೋದರೆ ಹೋಮದ ಹೊಗೆ ಬರದ ಕಡೆ, ಬಾಗಿಲ ಹತ್ತಿರ ಮೊದಲೇ ಎರಡು ಕುರ್ಚಿ ಹಿಡಿದುಬಿಡಿ. "ನಾವು ಇಲ್ಲೇ ಕೂರ್ತೀವಿ ಚಿಕ್ಕಮ್ಮ, ಹೊಗೆ ಆಗಲ್ಲ" ಅಂತ ನೀವೇ ಹೇಳಿ, ಅವರು ಹತ್ತು ಜನಕ್ಕೆ ಹತ್ತು ಸಲ ವಿವರಿಸುವ ಹಾಗಾಗಬಾರದು. ನಿಮ್ಮ ಜೇಬಿನಲ್ಲಿ ಒಂದು ಜಾಸ್ತಿ ಕರ್ಚೀಫು, ಅವರ ಮಾತ್ರೆ ಇರಲಿ. ಬೈಕಿನಲ್ಲಾದರೆ ಗಾಜು ಇಳಿಸಿದ ಹೆಲ್ಮೆಟ್ಟು, ಒಳಗೆ ಮಾಸ್ಕು. ದೀಪಾವಳಿಯ ಪಟಾಕಿ ರಾತ್ರಿಗಳಲ್ಲಿ ಕಿಟಕಿ ಮುಚ್ಚಿ ಒಳಗೇ ಇರಿ, ಜೊತೆಗೆ ನೀವೂ ಇರಿ.

ಡಾಕ್ಟರ್ ಹತ್ತಿರ

ಇಎನ್‌ಟಿ ಡಾಕ್ಟರ್ ಅಥವಾ ಅಲರ್ಜಿ ತಜ್ಞರು, ಯಾರಾದರೂ ಆಗಬಹುದು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಇಎನ್‌ಟಿ ವಿಭಾಗ ಇರುತ್ತದೆ. ಜೊತೆಗೆ ಹೋಗಿ, ನೀವು ಬರೆದಿಟ್ಟ ಪಟ್ಟಿ ತೋರಿಸಿ. ಅಲ್ಲಿ ಅವರು "ಪರವಾಗಿಲ್ಲ ಡಾಕ್ಟರ್, ಸ್ವಲ್ಪ ಸೀನು ಅಷ್ಟೆ" ಅಂದಾಗ ರಾತ್ರಿ ಎಷ್ಟು ಸಲ ಎದ್ದು ಕೂತಿದ್ದರು ಅಂತ ನೀವು ಹೇಳಬಹುದು.

ಮೂಗಿನ ಒಂದೇ ಹೊಳ್ಳೆ ಯಾವಾಗಲೂ ಕಟ್ಟಿರುವುದು, ಪದೇ ಪದೇ ರಕ್ತ, ಕೆಟ್ಟ ವಾಸನೆಯ ಸಿಂಬಳ, ಮುಖದಲ್ಲಿ ನೋವು, ವಾಸನೆಯೇ ಗೊತ್ತಾಗದಿರುವುದು, ಇವು ಬರೀ ಅಲರ್ಜಿ ಅಲ್ಲದಿರಬಹುದು, ಬೇಗ ತೋರಿಸಿ. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನುವ ಸದ್ದು, ಮೆಟ್ಟಿಲು ಹತ್ತಿದರೆ ಉಸಿರು ಬಿಗಿಯುವುದು ಇದ್ದರೆ ಅಸ್ತಮಾ ಇದೆಯಾ ಅಂತ ನೋಡಿಸಬೇಕು, ಮೂಗಿನ ಅಲರ್ಜಿ ಮತ್ತು ಅಸ್ತಮಾ ಬಹಳ ಸಲ ಒಟ್ಟಿಗೇ ಇರುತ್ತವೆ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ನಾಲಿಗೆ ಗಂಟಲು ಊದಿದರೆ 108ಕ್ಕೆ ಫೋನ್ ಮಾಡಿ, ಕಾಯಬೇಡಿ.

ಟೆಸ್ಟ್ ಅಂದರೆ ಸಾಮಾನ್ಯವಾಗಿ ಮುಂಗೈಯಿಂದ ಮೊಣಕೈವರೆಗಿನ ಚರ್ಮದ ಮೇಲೆ ಹನಿಗಳನ್ನಿಟ್ಟು ಮೆಲ್ಲಗೆ ಚುಚ್ಚುವುದು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಯಾವ ಹನಿಯ ಜಾಗ ಊದುತ್ತದೆ ಅಂತ ನೋಡುತ್ತಾರೆ. ಅದಕ್ಕೂ ಮುಂಚೆ ಐದಾರು ದಿನ, ಕೆಲವೊಮ್ಮೆ ಒಂದು ವಾರ, ಅಲರ್ಜಿ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಆ ದಿನಗಳು ನಿಜಕ್ಕೂ ಕಷ್ಟದವು. ಆ ವಾರ ಅಡುಗೆ, ಕಸ, ಮಕ್ಕಳು ಎಲ್ಲ ನೀವು ನೋಡಿಕೊಳ್ಳಿ, ನೆಂಟರನ್ನು ಕರೆಯಬೇಡಿ. ನೂರಾರು ಆಹಾರಗಳ ಹೆಸರಿರುವ ಐಜಿಜಿ (ಐಜಿಇ ಅಲ್ಲ, ಬೇರೆ ಪ್ರತಿಕಾಯ) ರಿಪೋರ್ಟು ಕೊಡುವ ದುಬಾರಿ ಟೆಸ್ಟು ಬೇಡ, ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ.

ಔಷಧಿಯಿಂದಲೂ ಹತೋಟಿಗೆ ಬರದಿದ್ದರೆ ಇಮ್ಯುನೋಥೆರಪಿ ಬಗ್ಗೆ ಡಾಕ್ಟರ್ ಹೇಳಬಹುದು. ಯಾವುದು ಆಗುವುದಿಲ್ಲವೋ ಅದನ್ನೇ ಸಣ್ಣ ಸಣ್ಣ ಪ್ರಮಾಣದಲ್ಲಿ ಇಂಜೆಕ್ಷನ್ ಮೂಲಕ, ಇಲ್ಲವೇ ನಾಲಿಗೆಯ ಕೆಳಗೆ ಹನಿಯಾಗಿ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವುದು. ಪರಾಗದ ಅಲರ್ಜಿಗೆ 1911ರಲ್ಲೇ ಲಂಡನ್ನಿನಲ್ಲಿ ಇದರ ಪ್ರಯೋಗ ಆಗಿತ್ತು, ಹೊಸ ವಿದ್ಯೆ ಏನಲ್ಲ. ಮೂರರಿಂದ ಐದು ವರ್ಷ ಬೇಕು, ಖರ್ಚೂ ಇದೆ, ಮಧ್ಯೆ ಬಿಟ್ಟರೆ ಪ್ರಯೋಜನ ಕಡಿಮೆ. ಹಾಗಾಗಿ ಶುರು ಮಾಡುವ ಮೊದಲು ಇಬ್ಬರೂ ಕೂತು ದುಡ್ಡು, ಓಡಾಟ, ರಜೆ ಎಲ್ಲ ಲೆಕ್ಕ ಹಾಕಿ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕ್ಲಿನಿಕ್‌ನಲ್ಲೇ ಕೂರಬೇಕು, ಅಪರೂಪಕ್ಕೆ ತೀವ್ರವಾದ ಪ್ರತಿಕ್ರಿಯೆ ಆಗಬಹುದು. ಹೊತ್ತಾಯಿತು ಅಂತ ಅವರು ಎದ್ದು ಹೊರಟರೆ ಕೂರಿಸಿಕೊಳ್ಳಿ, ವಾಪಸ್ ಬರುವಾಗ ಗಾಡಿ ನೀವು ಓಡಿಸಿ.